ದೀಪಕ್ಕೆ ಬಂದದ್ದು

ಕೋಲ್ಕತ್ತ
17 ಏಪ್ರಿಲ್ 2024

ಅಪ್ಪನಿಗೆ,

ಫೋನ್ ಮಾಡಿದರೆ ನೀವು ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಪತ್ರವನ್ನು ಹಾಗೆ ಕೊಡಲಾಗದು ಎಂದು ಬರೆಯುತ್ತಿದ್ದೇನೆ. ಮೇಲೆ ನಿಮ್ಮ ಹೆಸರೇ ಇದೆ.

ಜನವರಿಯಲ್ಲಿ ಅಜ್ಜಿಗೆ ಜ್ವರ ಬಂದಾಗ ಊರಿಗೆ ಬಂದಿದ್ದೆನಲ್ಲ, ಆಗ ನಮ್ಮ ಹಳೆಯ ಕಣದಲ್ಲಿ, ಪಟಾಲಮ್ಮನ ಗುಡಿಯ ಪಕ್ಕದ ಹುಣಸೆ ಮರದ ಬುಡದಲ್ಲಿ ಮಣ್ಣು ಕೆದಕುತ್ತ ಕೂತಿದ್ದೆ. ನೀವು ಗೇಟಿನ ಹತ್ತಿರ ನಿಂತು ನೋಡಿ ಒಳಗೆ ಹೋದಿರಿ. ಆ ದಿನ ನನಗೆ ಒಂದು ಜಿರಲೆ ಸಿಕ್ಕಿತು. ಅಡುಗೆಮನೆಯಲ್ಲಿ ಓಡಾಡುವಂಥದ್ದಲ್ಲ. ಹುಣಸೆ ಬೀಜದ ಹಾಗೆ ಗುಂಡಗೆ, ರೆಕ್ಕೆಯಿಲ್ಲದೆ, ಒಣಮಣ್ಣಿನೊಳಗೆ ಬದುಕುವಂಥದ್ದು. ಇಲ್ಲಿಯ ಸಂಗ್ರಹಾಲಯದಲ್ಲಿ ಹಳೆಯ ಕಾಲದಿಂದ ಕೂಡಿಟ್ಟ ಜಿರಲೆಗಳ ಪೆಟ್ಟಿಗೆಗಳಿವೆ. ಎಲ್ಲದರ ಜತೆ ಹೋಲಿಸಿ ನೋಡಿದೆ. ಇದಕ್ಕೆ ಇನ್ನೂ ಯಾರೂ ಹೆಸರಿಟ್ಟಿಲ್ಲ ಅನ್ನಿಸುತ್ತಿದೆ.

ಅನ್ನಿಸಿದರೆ ಸಾಲದು. ನನಗೆ ಸಿಕ್ಕಿರುವುದು ಹೆಣ್ಣು. ಈ ಗುಂಪಿನಲ್ಲಿ ಹೆಣ್ಣುಗಳೆಲ್ಲ ಒಂದೇ ಥರ ಕಾಣುತ್ತವೆ. ಗಂಡನ್ನು ಪರೀಕ್ಷೆ ಮಾಡದೆ ಹೊಸದು ಎಂದು ಹೇಳುವಂತಿಲ್ಲ. ಏಕೆ ಎಂದು ನಿಮಗೆ ಬರೆಯಲು ಮುಜುಗರ. ಗಂಡಿಗೆ ರೆಕ್ಕೆ ಇರುತ್ತದೆ. ಮಳೆ ಬಿದ್ದ ಮೇಲೆ ಸಂಜೆ ಹೊತ್ತು ಬೆಳಕಿಗೆ ಹಾರಿ ಬರುತ್ತದೆ. ಕೆಲವೇ ದಿನ ಬದುಕುತ್ತದೆ.

ಗಿರಿ ಚಿಕ್ಕಪ್ಪ ಆಷಾಢ ಕಳೆದ ಮೇಲೆ ಕಣದಲ್ಲಿ ಅಪಾರ್ಟ್‌ಮೆಂಟ್ ಎಬ್ಬಿಸುತ್ತಾರೆ ಎಂದು ಅಮ್ಮ ಹೇಳಿದಳು. ನೆಲ ಅಗೆದರೆ ಮುಗಿಯಿತು. ಅಷ್ಟರೊಳಗೆ ನನಗೆ ರಜೆಯಿಲ್ಲ. ಒಂದು ಗಂಡು ಹಿಡಿದು ಕಳಿಸುತ್ತೀರಾ? ಚಿಕ್ಕ ಸೀಸೆಗಳನ್ನು ಜತೆಯಲ್ಲಿ ಇಟ್ಟಿದ್ದೇನೆ.

ಯಲಹಂಕದವರು ನನ್ನನ್ನು ನೋಡಲು ಬಂದ ದಿನ, ಏನು ಓದುತ್ತೀಯಮ್ಮ ಎಂದು ಕೇಳಿದ್ದಕ್ಕೆ ನಾನು ಫೋನಿನಲ್ಲಿ ಜಿರಲೆಯ ಚಿತ್ರ ತೋರಿಸಿದೆ. ಅವರು ಉಪ್ಪಿಟ್ಟು ಮುಟ್ಟದೆ ಎದ್ದು ಹೋದರು. ಅಂದಿನಿಂದ ನಾವು ಮಾತಾಡಿಲ್ಲ. ಅದನ್ನು ಇಲ್ಲಿ ಎತ್ತುವುದಿಲ್ಲ. ಇದು ಜಿರಲೆಯ ವಿಷಯ ಮಾತ್ರ.

ನಿಮ್ಮ ಮಗಳು,
ನಯನಾ

* * *

ಅಟ್ಟೂರು
2 ಮೇ 2024

ನಯನಾಗೆ,

ಪತ್ರ ತಲುಪಿತು. ಲಕೋಟೆಯ ಮೇಲೆ ಕೀಟ ವಿಭಾಗ ಎಂದು ದೊಡ್ಡದಾಗಿ ಬರೆದದ್ದನ್ನು ಪೋಸ್ಟ್‌ಮ್ಯಾನ್ ಅಂಗಡಿಯಲ್ಲಿ ಗಿರಾಕಿಗಳ ಎದುರು ಓದಿದ. "ಏನ್ ಸಾರ್, ಮಗಳು ಕೀಟನಾಶಕದ ಕಂಪ್ನೀಲಿ ಇದ್ದಾಳಾ?" ಎಂದು ಕೇಳಿದ. ಹೌದು ಎಂದೆ. ಇನ್ನು ಮುಂದೆ ನಿನ್ನ ಹೆಸರು, ಊರು ಬರೆದರೆ ಸಾಕು.

ನಮ್ಮದು ಹಾರ್ಡ್‌ವೇರ್ ಮತ್ತು ಪೇಂಟ್ ಅಂಗಡಿ. ಜಿರಲೆ ಸಾಯಿಸುವ ಚಾಕ್‌ಪೀಸು, ಸ್ಪ್ರೇ ಮಾರುತ್ತೇನೆ. ಹಿಡಿಯುವ ಸಾಮಾನು ಇಟ್ಟಿಲ್ಲ. ಆದರೂ ಕೇಳಿದ್ದೀಯ ಎಂದು ಅಂಗಡಿಯ ಹಿಂದಿನ ಮೋರಿಯಲ್ಲಿ ಸಿಕ್ಕಿದವನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಕಳಿಸಿದ್ದೇನೆ. ನಿನ್ನ ಸೀಸೆಗಳು ಚಿಕ್ಕವಾದವು. ಎಲ್ಲಕ್ಕೂ ರೆಕ್ಕೆ ಇದೆ. ಗಂಡು ಇದ್ದೇ ಇರಬೇಕು.

ಗಿರಿ ಶ್ರಾವಣದಲ್ಲಿ ಗುದ್ದಲಿ ಪೂಜೆ ಇಟ್ಟುಕೊಂಡಿದ್ದಾನೆ. ಈ ವಿಷಯ ಅವನಿಗೆ ಗೊತ್ತಾಗುವುದು ಬೇಡ.

ನಿನ್ನ ಅಮ್ಮ ಚೆನ್ನಾಗಿದ್ದಾಳೆ. ಅವ್ವನಿಗೆ ಮತ್ತೆ ಜ್ವರ ಬಂದಿಲ್ಲ. ಬಿಸಿಲು ಬಹಳ. ಮಳೆ ಇಲ್ಲ.

ಬರೆಯಲು ಮುಜುಗರ ಎಂದಿದ್ದೀಯ. ಹಸು ಸಾಕಿದ ಮನೆ ನಮ್ಮದು. ಬರೆಯದಿದ್ದರೂ ತಿಳಿಯುತ್ತದೆ.

ಎನ್. ನಾಗಭೂಷಣ

* * *

ಕೋಲ್ಕತ್ತ
11 ಮೇ 2024

ಅಪ್ಪನಿಗೆ,

ಬೆಂಕಿಪೊಟ್ಟಣ ಬಂತು. ದಾರಿಯಲ್ಲಿ ಯಾರೋ ಅದರ ಮೇಲೆ ಏನೋ ಭಾರ ಇಟ್ಟಿದ್ದಾರೆ. ಒಳಗೆ ಕಾಲು, ಮೀಸೆ, ರೆಕ್ಕೆ ಎಲ್ಲ ಬೇರೆಬೇರೆಯಾಗಿ ಪುಡಿಯಾಗಿದ್ದವು. ಬೇಜಾರು ಮಾಡಿಕೊಳ್ಳಬೇಡಿ, ಅವು ಹೇಗೂ ಮೋರಿಯ ಜಿರಲೆಗಳು. ಹಡಗು ಹತ್ತಿ ಲೋಕವೆಲ್ಲ ಸುತ್ತಿದ ಜಾತಿ. ಇಲ್ಲಿ ನನ್ನ ಹಾಸ್ಟೆಲಿನಲ್ಲೂ ಇವೆ.

ಆದರೂ ನೀವು ಹಿಡಿದಿರಿ. ಮೋರಿಯ ಪಕ್ಕ ಬಗ್ಗಿ ನಿಂತಿರಬೇಕು. ಪೊಟ್ಟಣವನ್ನು ನಾನು ಬಿಸಾಡಿಲ್ಲ.

ನಮ್ಮ ಗಂಡು ಹೀಗಿರಬಹುದು: ಉಗುರಿನಷ್ಟು ಉದ್ದ, ತೆಳು ಕಂದು ರೆಕ್ಕೆ, ಮೊದಲ ನೋಟಕ್ಕೆ ದೀಪದ ಹುಳು ಅನ್ನಿಸಬೇಕು. ತಲೆಯ ಮೇಲೆ ಗುರಾಣಿ ಹಿಡಿದ ಹಾಗೆ ಒಂದು ಗಟ್ಟಿ ಭಾಗ ಇರುತ್ತದೆ. ಅದರ ಅಂಚಿನಲ್ಲಿ ನವಿರು ಕೂದಲು ಇರಬಹುದು. ಆ ಕೂದಲು ಬಹಳ ಮುಖ್ಯ. ಕೈಯಲ್ಲಿ ಒರೆಸಿದರೆ ಕಿತ್ತು ಬರುತ್ತದೆ. ಸಿಕ್ಕಿದ ಕೂಡಲೇ ಸೀಸೆಗೆ ಹಾಕಿ ಸ್ಪಿರಿಟ್ ತುಂಬಿ. ಸ್ಪಿರಿಟ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ನಿಮ್ಮ ಅಂಗಡಿಯ ಥಿನ್ನರ್ ಹಾಕಬೇಡಿ. ಅಂಚೆಗೆ ಹಾಕುವಾಗ ಸ್ಪಿರಿಟ್ ಬಸಿದು, ಒದ್ದೆ ಹತ್ತಿಯಲ್ಲಿ ಸುತ್ತಿ.

ಅದನ್ನು ಯಾಕೆ ಸಾಯಿಸಬೇಕು ಎಂದು ನಿಮಗೆ ಅನ್ನಿಸಬಹುದು. ಹೊಸ ಜಾತಿಗೆ ಹೆಸರಿಡುವಾಗ ಒಂದು ಹುಳುವನ್ನು ಆ ಹೆಸರಿಗೆ ಸಾಕ್ಷಿಯಾಗಿ ಇಡಬೇಕು. ಮುಂದೆ ಯಾವ ದೇಶದವರಿಗೆ ಸಂಶಯ ಬಂದರೂ ಇಲ್ಲಿಗೆ ಬಂದು ಆ ಒಂದನ್ನೇ ನೋಡಬೇಕು. ಅದರ ಸೂಜಿಯ ಕೆಳಗೆ ಒಂದು ಚೀಟಿ ಇರುತ್ತದೆ. ಯಾವ ಊರು, ಯಾವ ದಿನ, ಯಾರು ತಂದದ್ದು, ಹೇಗೆ ಸಿಕ್ಕಿದ್ದು. ಮಣ್ಣಿನಲ್ಲಿ ಸಿಕ್ಕರೆ ಮಣ್ಣಿನಲ್ಲಿ ಎಂದು ಬರೆಯುತ್ತೇವೆ. ಬೆಳಕಿಗೆ ಹಾರಿ ಬಂದರೆ, ದೀಪಕ್ಕೆ ಬಂದದ್ದು ಎಂದು. ಚೀಟಿ ಇಲ್ಲದಿದ್ದರೆ ಅದು ಬರೀ ಸತ್ತ ಹುಳು.

ಅಂಗಡಿಯಲ್ಲಿ ಒಂದು ಟ್ಯೂಬ್‌ಲೈಟ್, ಮನೆಯಲ್ಲಿ ಒಂದು ಬಿಳಿ ಬೆಡ್‌ಶೀಟ್ ಸಿಕ್ಕರೆ ಕೆಲಸ ಆಗುತ್ತದೆ. ಲಕೋಟೆಯ ಮೇಲೆ ಈ ಸಲ ಹೆಸರು ಮಾತ್ರ ಬರೆದಿದ್ದೇನೆ.

ನಯನಾ

* * *

ಅಟ್ಟೂರು
26 ಮೇ 2024

ನಯನಾಗೆ,

ಮಳೆ ಬಂತು. ಎರಡು ಸಂಜೆ ಜೋರಾಗಿ ಹೊಡೆಯಿತು, ಕೆರೆ ಕಡೆಯ ರಸ್ತೆಯಲ್ಲಿ ಮೊಣಕಾಲುದ್ದ ನೀರು. ಮಳೆ ನಿಂತ ಮಾರನೆಯ ದಿನ ಅಂಗಡಿಯನ್ನು ಬೇಗ ಮುಚ್ಚಿ, ಕಣದಲ್ಲಿ ಎರಡು ಬಿದಿರು ನೆಟ್ಟು ಬೆಡ್‌ಶೀಟ್ ಕಟ್ಟಿ, ಟ್ಯೂಬ್‌ಲೈಟ್ ಹಾಕಿ ಕೂತೆ.

ಗಿರಿ ಬೈಕಿನಲ್ಲಿ ಬಂದವನು ನಿಲ್ಲಿಸಿದ. "ಏನಣ್ಣಾ, ಸಂಜೆ ಹೊತ್ನಲ್ಲಿ ಬಟ್ಟೆ ಒಣಗಾಕ್ತಿದೀಯಾ?"

"ಸೊಳ್ಳೆಗೆ" ಎಂದೆ.

"ಸೊಳ್ಳೆಗೆ ಬೆಡ್‌ಶೀಟ್ ಹಾಸ್ಕೊಡ್ತಾರಾ? ದಿಂಬೂ ತರ್ಲಾ?"

ಅವನು ನಗುತ್ತ ಹೋದ. ಬೆಡ್‌ಶೀಟಿನ ಮೇಲೆ ಮಳೆಹುಳು, ಪತಂಗ, ಹಸಿರು ಮಿಡತೆ ಬಿಟ್ಟರೆ ಏನೂ ಇಲ್ಲ. ಕರೆಂಟು ಹೋಯಿತು. ಕತ್ತಲಲ್ಲಿ ಗುಡಿಯ ದೀಪ ಒಂದೇ ಉರಿಯುತ್ತಿತ್ತು. ಅವ್ವ ಮಾಮೂಲಿನ ಹಾಗೆ ಬಂದು ಹಚ್ಚಿ, ಮೆಟ್ಟಿಲ ಮೇಲೆ ಕೂತಿದ್ದಳು. ದೀಪದ ಸುತ್ತ ಒಂದು ಹುಳು ಸುತ್ತುತ್ತಿತ್ತು. ಕಂದು ಬಣ್ಣ, ಉಗುರಿನಷ್ಟು ಉದ್ದ. ಅದು ಇಳಿದು ಎಣ್ಣೆಯ ಬಟ್ಟಲಿನ ಪಕ್ಕ ಕೂತಿತು. ನಾನು ಬಗ್ಗಿ ನೋಡಿದೆ. ನೀನು ಬರೆದ ಗುರಾಣಿ ಇತ್ತು. ಅದರ ಅಂಚಿನಲ್ಲಿ ಕೂದಲು ಇತ್ತು, ಎಳೆ ಮಗುವಿನ ಕತ್ತಿನ ಹಿಂದೆ ಇರುತ್ತದಲ್ಲ, ಅಂಥದ್ದು.

ಸೀಸೆ ತೆಗೆದು ಕೈ ಚಾಚಿದೆ. ಅವ್ವ ನನ್ನ ಮಣಿಕಟ್ಟು ಹಿಡಿದಳು. ಈ ವಯಸ್ಸಿನಲ್ಲೂ ಆ ಹಿಡಿತ!

"ಏನ್ ಮಾಡ್ತಿದೀಯಾ?"

"ನಯನಾಗೆ ಬೇಕಂತೆ ಅವ್ವಾ. ಒಂದೇ ಒಂದು."

"ಜೀವಂತಾನಾ, ಸಾಯ್ಸಿನಾ?"

"ಸಾಯ್ಸಿ" ಎಂದೆ.

"ದೀಪಕ್ಕೆ ಬಂದಿದ್ದನ್ನ ಕೊಲ್ಲಬಾರ್ದು ಅಂತ ನಿಂಗೆ ಗೊತ್ತಿಲ್ವೇನೋ? ಅಮ್ಮನ ಮನೆಗೆ ಬಂದಿರೋ ನೆಂಟ ಕಣೋ ಅದು. ನಿಮ್ಮಪ್ಪ ಇದ್ದಿದ್ರೆ ಈಗ ಕೆನ್ನೆಗೆ ಒಡೀತಿದ್ರು."

ಗೊತ್ತಿತ್ತು. ನಮ್ಮಪ್ಪ ಒಂದು ಸಲ ಹೊಡೆದೂ ಇದ್ದರು, ನಾನು ಗುಡಿಯಲ್ಲಿ ಪತಂಗವನ್ನು ಚಪ್ಪಾಳೆ ತಟ್ಟಿ ಸಾಯಿಸಿದ್ದಕ್ಕೆ. ಎಣ್ಣೆಗೆ ಬಿದ್ದ ಹುಳುವನ್ನೂ ಅವ್ವ ಬತ್ತಿಯ ಕಡ್ಡಿಯಿಂದ ಎತ್ತಿ, ಹತ್ತಿಯಲ್ಲಿ ಒರೆಸಿ ಹುಣಸೆ ಮರಕ್ಕೆ ಬಿಡುತ್ತಾಳೆ. ನೀನೂ ನೋಡಿದ್ದೀಯ. ಆ ಹುಳು ಹಾರಿ ಹೋಯಿತು.

ಆಗದ ಕೆಲಸ. ತಿಳಿಸಿದ್ದೇನೆ.

ನಾಗಭೂಷಣ

* * *

ಕೋಲ್ಕತ್ತ
6 ಜೂನ್ 2024

ಅಪ್ಪಾ,

ಅದೇ! ಕೂದಲಿನ ಸಾಲನ್ನು ಓದಿ ಕುರ್ಚಿಯಿಂದ ಎದ್ದು ನಿಂತೆ. ಪಕ್ಕದ ಮೇಜಿನವರು ಏನಾಯಿತು ಎಂದು ಕೇಳಿದರು. ನಮ್ಮಪ್ಪ ಗಂಡನ್ನು ನೋಡಿದರು ಎಂದೆ. ಅವರಿಗೆ ಬೇರೆ ಏನೋ ಅರ್ಥವಾಗಿ, ನನ್ನ ಮದುವೆ ಯಾವಾಗ ಎಂದು ವಿಚಾರಿಸಿದರು.

ಗುಡಿಯ ಜಿರಲೆಯೇ ಆಗಬೇಕೆಂದಿಲ್ಲ. ಬೀದಿದೀಪದ ಕೆಳಗೆ, ನಮ್ಮ ಮನೆಯ ಗೋಡೆಯ ಮೇಲೆ ಎಲ್ಲಾದರೂ ಕೂತಿದೆಯಾ ನೋಡಿ. ಇಲ್ಲವಾದರೆ ಈ ಕೆಳಗಿನದನ್ನು ಅಜ್ಜಿಗೆ ಓದಿ ಹೇಳಿ.

ಅಜ್ಜಿ, ನಿನ್ನ ಮಾತನ್ನು ಮೀರಬೇಕೆಂದು ನನಗೆ ಆಸೆಯಿಲ್ಲ. ಆದರೆ ಚಿಕ್ಕಪ್ಪನ ಜೇಸಿಬಿ ಬಂದ ದಿನ ಕಣದಲ್ಲಿರುವ ಎಲ್ಲವೂ ಸಾಯುತ್ತವೆ. ಆಮೇಲೆ ಅವು ಇದ್ದವೆಂದು ಹೇಳುವವರೂ ಇರುವುದಿಲ್ಲ, ಹೆಸರೇ ಇಲ್ಲವಲ್ಲ. ಒಂದನ್ನು ಕೊಟ್ಟರೆ ಉಳಿದವಕ್ಕೆ ಹೆಸರಾದರೂ ಇರುತ್ತದೆ. ಒಂದೇ ಒಂದು, ಅಜ್ಜಿ.

ಅಪ್ಪಾ, ಇದನ್ನು ನೀವು ಓದುವಾಗ ಅಜ್ಜಿ ಊಟ ಮಾಡಿರಬೇಕು. ಹಸಿದಾಗ ಕೇಳಿದರೆ ಬೈಯುತ್ತಾಳೆ.

ನಯನಾ

* * *

ಅಟ್ಟೂರು
24 ಜೂನ್ 2024

ನಯನಾಗೆ,

ಊಟವಾದ ಮೇಲೆಯೇ ಓದಿದೆ. ಆದರೂ ಬೈದಳು.

"ಜೇಸಿಬಿ ಕೊಲ್ಲುತ್ತೆ ಅಂತ ನಾನೂ ಕೊಲ್ಲಬೇಕಾ? ಇದ್ಯಾವ ನ್ಯಾಯ ಕಣೋ! ಅಷ್ಟು ಓದ್ಸಿದ್ದು ಇದನ್ನ ಏಳೋಕಾ?"

ಆ ಹೊತ್ತಿಗೆ ಗಿರಿ ಬಾಗಿಲಲ್ಲಿ ನಿಂತಿದ್ದ. ಎಷ್ಟು ಕೇಳಿಸಿಕೊಂಡನೋ. ಪತ್ರ ಕಿತ್ತುಕೊಂಡು ಪೂರ್ತಿ ಓದಿದ. "ಓಹೋ, ಸೊಳ್ಳೆ ಅಲ್ಲ, ಜಿರಲೆ! ಅಣ್ಣಾ, ನಾಳೆ ಫ್ಲ್ಯಾಟ್ ನೋಡೋಕೆ ಬಂದೋರು, ಇಲ್ಲಿ ಜಿರಲೆ ಫೇಮಸ್ ಅಂತೆ ಅಂದ್ರೆ ನಾನೇನ್ ಹೇಳ್ಲಿ? ಬ್ರೋಚರ್‌ನಲ್ಲಿ ಹಾಕ್ಸೋದಾ, ಈಜುಕೊಳದ ಪಕ್ಕ?" ನಿನ್ನ ಅಮ್ಮ ನಗು ತಡೆಯಲಾರದೆ ಒಳಗೆ ಹೋದಳು. ನಾನು ನಗಲಿಲ್ಲ. ಅವನಿಗೆ ಗೊತ್ತಾದರೆ ನೆಂಟರಿಗೆಲ್ಲ ಗೊತ್ತಾದ ಹಾಗೆ.

ಬೀದಿದೀಪದ ಕೆಳಗೆ ದಿನಾ ನೋಡಿದೆ. ಒಂದೂ ಇಲ್ಲ. ಅದಕ್ಕೆ ಎಲ್‌ಇಡಿ ಹಾಕಿದ ಮೇಲೆ ಸೊಳ್ಳೆಯೂ ಹತ್ತಿರ ಹೋಗುತ್ತಿಲ್ಲ. ಮನೆಯ ಗೋಡೆಯಲ್ಲೂ ಇಲ್ಲ. ಅವು ಬಂದರೆ ಎಣ್ಣೆ ದೀಪಕ್ಕೇ ಬರುತ್ತವೆ. ನಾನು ಸಂಜೆ ಗುಡಿಗೆ ಹೋಗಿ ಅವ್ವನ ಪಕ್ಕದಲ್ಲಿ ಕೂರುತ್ತೇನೆ. ಹಿಡಿಯಲು ಅಲ್ಲ, ಸುಮ್ಮನೆ. ಇಷ್ಟು ವರ್ಷದಲ್ಲಿ ಅವಳ ಜತೆ ಅಲ್ಲಿ ಹೀಗೆ ಕೂತವನಲ್ಲ. ಮೊನ್ನೆ ಅವಳೇ ಮಾತು ತೆಗೆದಳು.

"ಅದು ಎಷ್ಟು ದಿನ ಬದುಕ್ತದಂತೆ?"

"ಕೆಲವೇ ದಿನ ಅಂತ ಬರೆದಿದ್ದಾಳೆ."

ಬತ್ತಿ ಸರಿಮಾಡಿದಳು. "ಇಟ್ಕೊಂಡು ನೋಡ್ಕೊಳ್ಳೋಣ. ತಾನಾಗೇ ಸತ್ರೆ ಕಳ್ಸು. ಮನೆಗೆ ಬಂದ ನೆಂಟ ಸತ್ರೆ ಅವನ ಕಡೆಯೋರಿಗೆ ಒಪ್ಪಿಸ್ತೀವಲ್ಲ, ಅಂಗೆ. ಆದ್ರೆ ನೀನು ಕೈ ಆಕ್ಬಾರ್ದು."

ಉಪ್ಪಿನಕಾಯಿಯ ಗಾಜಿನ ಬಾಟಲಿ ತೊಳೆದು, ಮುಚ್ಚಳಕ್ಕೆ ಡ್ರಿಲ್‌ನಿಂದ ತೂತು ಕೊರೆದು, ಹುಣಸೆ ಬುಡದ ಮಣ್ಣು ಹಾಕಿದ್ದೇನೆ. ನಿನ್ನೆ ಸಂಜೆ ಒಂದು ಬಂತು. ಅವ್ವನೇ ಲೋಟ ಕವುಚಿ ಹಿಡಿದಳು. ಬಾಟಲಿ ಅವಳ ಮಂಚದ ತಲೆದಿಂಬಿನ ಹತ್ತಿರ ಇದೆ. ನಿನ್ನ ಅಮ್ಮ ಆ ಕೋಣೆಗೆ ಹೋಗುವುದನ್ನು ಬಿಟ್ಟಿದ್ದಾಳೆ.

ನಾಗಭೂಷಣ

* * *

ಕೋಲ್ಕತ್ತ
3 ಜುಲೈ 2024

ಅಪ್ಪಾ,

ಸತ್ತ ಹುಳು ಮಳೆಗಾಲದಲ್ಲಿ ಬೇಗ ಕೊಳೆಯುತ್ತದೆ. ಇರುವೆ ಬಂದರೆ ಮೊದಲು ತಿನ್ನುವುದು ನನಗೆ ಬೇಕಾದ ಭಾಗವನ್ನೇ. ಬಾಟಲಿಯನ್ನು ನೀರಿನ ತಟ್ಟೆಯಲ್ಲಿ ಇಡಿ. ಸತ್ತದ್ದು ಗೊತ್ತಾದ ಕೂಡಲೇ ಸ್ಪಿರಿಟ್‌ಗೆ ಹೋಗಬೇಕು. ಅರ್ಧ ದಿನ ತಡವಾದರೂ ಕಷ್ಟ.

ಇಷ್ಟು ವರ್ಷದಲ್ಲಿ ನಾನು ಬಹಳ ಹುಳುಗಳನ್ನು ಸಾಯಿಸಿದ್ದೇನೆ. ಒಂದು ಹುಳು ಸಾಯಲಿ ಎಂದು ಕಾದು ಕೂತದ್ದಿಲ್ಲ. ಈಗ ಬೆಳಿಗ್ಗೆ ಎದ್ದ ಕೂಡಲೇ ಅದರ ಯೋಚನೆ ಬರುತ್ತದೆ. ಇವತ್ತೂ ಬದುಕಿದೆಯಾ ಎಂದು. ಬದುಕಿರಲಿ ಅನ್ನಿಸುತ್ತದೋ ಬೇಡ ಅನ್ನಿಸುತ್ತದೋ ಸರಿಯಾಗಿ ತಿಳಿಯುತ್ತಿಲ್ಲ.

ಅಜ್ಜಿಯ ಮಾತನ್ನು ಇಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ನಕ್ಕುಬಿಡುತ್ತಾರೆ. ನಮ್ಮ ಮನೆಯ ವಿಷಯಕ್ಕೆ ಹೊರಗಿನವರು ನಗುವುದು ನನಗೂ ಇಷ್ಟವಿಲ್ಲ.

ನಯನಾ

* * *

ಅಟ್ಟೂರು
21 ಜುಲೈ 2024

ನಯನಾ,

ಮೊದಲನೆಯದು ಹೋಯಿತು. ಸಾಯಲಿಲ್ಲ, ಹೋಯಿತು. ಅವ್ವ ದೀಪ ಹಚ್ಚಲು ಹೊರಡುವಾಗ ಬಾಟಲಿಯನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದಾಳೆ. "ದಿನಾ ದೀಪ ನೋಡೋಕೆ ಬಂದಿದ್ದನ್ನ ಕತ್ಲೇಲಿ ಕೂಡಾಕಿದ್ರೆ ಪಾಪ ಅಲ್ವೇನೋ" ಎಂದು ಮುಚ್ಚಳ ತೆಗೆದಳಂತೆ. ಅದು ದೀಪವನ್ನೂ ನೋಡಲಿಲ್ಲ, ಅವಳನ್ನೂ ನೋಡಲಿಲ್ಲ. ನನಗೆ ಸಿಟ್ಟು ಬಂತು, ಆದರೆ ಅವಳೇ ಮುಖ ಸಣ್ಣ ಮಾಡಿಕೊಂಡು ಕೂತಿದ್ದಳು. "ಮೊಮ್ಮಗಳಿಗೆ ಏನ್ ಏಳ್ಲಿ" ಎಂದಳು. ಏನೂ ಹೇಳಬೇಡ ಎಂದೆ. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ.

ಆಮೇಲೆ ಮಳೆ ಕೈಕೊಟ್ಟಿತು. ದೀಪದ ಹತ್ತಿರ ಏನೂ ಬರಲಿಲ್ಲ. ಗಿರಿ ಕಣದ ಸುತ್ತ ನೀಲಿ ಶೀಟು ಹೊಡೆಸಿದ. ಹೋದ ವಾರ ತುಂತುರು ಶುರುವಾಗಿ, ಒಂದು ಸಂಜೆ ಇನ್ನೊಂದು ಬಂತು. ಈ ಸಲ ಅವ್ವ ಬಾಟಲಿಯನ್ನು ಎಲ್ಲಿಗೂ ಒಯ್ಯಲಿಲ್ಲ. ಬದಲಿಗೆ ಒಂದು ಸಣ್ಣ ದೀಪವನ್ನು ತನ್ನ ಕೋಣೆಯಲ್ಲೇ ಬಾಟಲಿಯ ಎದುರು ಹಚ್ಚಿಟ್ಟಳು. ಅದು ಗಾಜಿನ ಹತ್ತಿರ ಬಂದು ಮೀಸೆ ಆಡಿಸುತ್ತಿತ್ತು. ನಾನೂ ಎದುರು ಕೂತು ನೋಡಿದೆ. ಅಂಗಡಿಯಲ್ಲಿ ಅಷ್ಟು ವರ್ಷ ಸ್ಪ್ರೇ ಮಾರಿದವನು, ಜಿರಲೆಯ ಮುಖವನ್ನು ಹತ್ತಿರದಿಂದ ಮೊದಲ ಸಲ ನೋಡಿದ್ದು ಈಗ. ಕೈಯಿಂದ ಮುಖ ಒರೆಸಿಕೊಳ್ಳುತ್ತದೆ, ಬೆಕ್ಕಿನ ಹಾಗೆ.

ಮೊನ್ನೆ ಮಧ್ಯಾಹ್ನ ಅಂಗಡಿಗೆ ಫೋನ್ ಬಂತು. ಅವ್ವ. "ಓಯ್ತು ಕಣಪ್ಪಾ" ಎಂದಳು. "ಜೀವ ಹೋಯ್ತಾ?" ಎಂದೆ. ಗಿರಾಕಿಯ ಕೈಯಲ್ಲಿ ಅರ್ಧ ಅಳೆದ ಹಗ್ಗ ಇತ್ತು. "ಯಾರು ಸಾರ್, ಹತ್ತಿರದೋರಾ?" ಎಂದು ಅವನು ಗಾಬರಿಯಾದ. ಹೌದು ಎಂದು ಹೇಳಿ ಸ್ಕೂಟರ್ ಹತ್ತಿದೆ.

ನಾನು ಹೋಗುವಷ್ಟರಲ್ಲಿ ಒಂದು ಕೆಲಸ ಆಗಿಹೋಗಿತ್ತು. ಅವ್ವ ಅದನ್ನು ವೀಳ್ಯದೆಲೆಯ ಮೇಲೆ ಮಲಗಿಸಿ ಅರಿಶಿನ ಹಚ್ಚಿ, ಗುರಾಣಿಯ ಮೇಲೆ ಕುಂಕುಮ ಇಟ್ಟುಬಿಟ್ಟಿದ್ದಳು. "ಅಮ್ಮನ ಮನೆಯಿಂದ ಬರೀ ಅಣೇಲಿ ಕಳಿಸೋಕಾಗುತ್ತಾ?" ಎಂದಳು. ಒರೆಸೋಣ ಎಂದು ಹತ್ತಿ ತೆಗೆದುಕೊಂಡೆ. ಕೂದಲು ಕಿತ್ತು ಬರುತ್ತದೆ ಎಂದು ನೀನು ಬರೆದದ್ದು ನೆನಪಾಯಿತು. ಹತ್ತಿ ಕೆಳಗಿಟ್ಟೆ. ಹಾಗೇ ಸ್ಪಿರಿಟ್‌ಗೆ ಹಾಕಿದೆ. ನೋಡುತ್ತಿದ್ದ ಹಾಗೆ ಸ್ಪಿರಿಟ್ ಹಳದಿಯಾಯಿತು.

ಕೆಟ್ಟುಹೋಗಿದ್ದರೆ ಅವ್ವನಿಗೆ ತಿಳಿಸಬೇಡ. ನನಗೆ ತಿಳಿಸು.

ನಾಗಭೂಷಣ

* * *

ಕೋಲ್ಕತ್ತ
30 ಜುಲೈ 2024

ಅಪ್ಪಾ,

ಬಂತು. ಆರು ಕಾಲೂ ಇವೆ, ಎರಡು ಮೀಸೆಯೂ ಇವೆ. ನನಗೆ ಬೇಕಾದ ಭಾಗ ಚೂರೂ ಕೆಟ್ಟಿಲ್ಲ. ಅದನ್ನು ಬಿಡಿಸಿ, ಗೊತ್ತಿರುವ ಎಲ್ಲ ಜಾತಿಗಳ ಜತೆ ಹೋಲಿಸಿದೆ. ಮತ್ತೆ ಹೋಲಿಸಿದೆ. ಯಾವುದರಂತೆಯೂ ಇಲ್ಲ. ಒಂದು ಕಾಲಿನಿಂದ ಮಾಡಿದ ಡಿಎನ್‌ಎ ಪರೀಕ್ಷೆಯಲ್ಲಿ ಜನವರಿಯ ಹೆಣ್ಣೂ ಇದೂ ಒಂದೇ ಜಾತಿ ಎಂದು ಬಂದಿದೆ. ಹೊಸದು, ಅಪ್ಪಾ. ಈಗ ಅನ್ನಿಸುವುದಲ್ಲ, ಗೊತ್ತು.

ಸೂಕ್ಷ್ಮದರ್ಶಕದ ಕೆಳಗೆ ಕುಂಕುಮ ದೊಡ್ಡ ದೊಡ್ಡ ಕೆಂಪು ಕಲ್ಲುಗಳ ಹಾಗೆ ಕಾಣುತ್ತದೆ. ಕೂದಲುಗಳ ನಡುವೆ ಸಿಕ್ಕಿಕೊಂಡಿದೆ. ತೆಗೆಯಲು ಹೋಗುವುದಿಲ್ಲ. ನೀವು ಒರೆಸದೆ ಬಿಟ್ಟಿದ್ದರಿಂದ ಕೂದಲು ಉಳಿದಿದೆ.

ತೊಂದರೆ ಒಂದೇ. ಅರಿಶಿನ ಸ್ಪಿರಿಟ್‌ನಲ್ಲಿ ಕರಗಿ ಇಡೀ ಹುಳು ಹಳದಿಯಾಗಿದೆ. ಜಾತಿಯ ವಿವರಣೆಯಲ್ಲಿ ಬಣ್ಣ ಬರೆಯಲೇಬೇಕು. ಇದರ ನಿಜವಾದ ಬಣ್ಣ ಏನೆಂದು ನನಗೆ ಗೊತ್ತಿಲ್ಲ. ಜೀವಂತವಾಗಿ ನೋಡಿದವರು ಈ ಲೋಕದಲ್ಲಿ ನೀವು ಮತ್ತು ಅಜ್ಜಿ ಇಬ್ಬರೇ. ಕಂದು ಎಂದರೆ ಸಾಲದು, ಕಂದಿನಲ್ಲಿ ಎಷ್ಟೋ ಬಗೆಗಳಿವೆ. ನೆನಪು ಮಾಡಿಕೊಂಡು ಬರೆಯುತ್ತೀರಾ? ನೀವು ಬರೆದದ್ದನ್ನೇ ನಾನು ಹಾಕುತ್ತೇನೆ.

ಇನ್ನೊಂದು. ಇದಕ್ಕೆ ಅಜ್ಜಿಯ ಹೆಸರಿಡಬೇಕೆಂದು ಆಸೆ. ನಮ್ಮಲ್ಲಿ ಅದು ದೊಡ್ಡ ಗೌರವ. ಒಪ್ಪುತ್ತಾಳಾ ಕೇಳಿ.

ನಯನಾ

* * *

ಅಟ್ಟೂರು
18 ಆಗಸ್ಟ್ 2024

ಚಿ. ನಯನಾಗೆ,

ಮೊದಲು ಬಣ್ಣ. ಅಂಗಡಿಯಿಂದ ಪೇಂಟಿನ ಶೇಡ್ ಕಾರ್ಡ್ ತಂದೆ. ಬಣ್ಣ ಹೇಳುವುದು ನನ್ನ ದಿನದ ಕೆಲಸ. ಆದರೂ ನಾನು ಒಂದು ಚೌಕ ತೋರಿಸಿದರೆ ಅವ್ವ ಅದರ ಕೆಳಗಿನದನ್ನು ತೋರಿಸುತ್ತಾಳೆ. "ನಿಂಗೆ ಕಣ್ಣು ಕಾಣಲ್ವಾ" ಎಂದು ನಾನು, "ಆಪ್ರೇಷನ್ ಆಗಿರೋದು ನಂಗೆ, ನಿಂಗಲ್ಲ" ಎಂದು ಅವಳು. ಜಗಳ ಬಗೆಹರಿಯಲಿಲ್ಲ. ಗುದ್ದಲಿ ಪೂಜೆಯ ಹಿಂದಿನ ಸಂಜೆ ಒಂದು ಹುಳು ದೀಪಕ್ಕೆ ಬಂತು. ಈ ವರ್ಷದ ಕೊನೆಯದೋ ಏನೋ. ಅದು ಕೂತಾಗ ಪಕ್ಕದಲ್ಲಿ ಕಾರ್ಡ್ ಹಿಡಿದೆ. ಅವ್ವ ಹೇಳಿದ್ದೇ ಸರಿ. ಆ ಚೌಕವನ್ನು ಕತ್ತರಿಸಿ ಇದರ ಜತೆ ಇಟ್ಟಿದ್ದೇನೆ. ಕಂಪನಿಯವರು ಅದಕ್ಕೆ ಏನೋ ಇಂಗ್ಲಿಷ್ ಹೆಸರಿಟ್ಟಿದ್ದಾರೆ. ನನ್ನ ಪ್ರಕಾರ ಅದು ನೀರು ಹಾಕದ ರಾಗಿ ಹಿಟ್ಟಿನ ಬಣ್ಣ. ರೆಕ್ಕೆಯ ಅಂಚು ಅದಕ್ಕಿಂತ ತಿಳಿ. ಆ ಹುಳುವನ್ನು ಯಾರೂ ಹಿಡಿಯಲಿಲ್ಲ.

ಕಾರ್ಡ್ ಜೇಬಿನಲ್ಲೇ ಉಳಿದಿತ್ತು. ಪೂಜೆಯ ದಿನ ನೆಂಟರೆಲ್ಲ ಬಂದಿದ್ದರು. ಯಲಹಂಕದ ಮುನಿವೆಂಕಟಯ್ಯನವರೂ ಬಂದಿದ್ದರು, ಅವರ ಮಗನಿಗೇ ನಿನ್ನನ್ನು ನೋಡಲು ಬಂದದ್ದು. ತಿಂಡಿಗೆ ಕೂತಾಗ ನನ್ನ ಪಕ್ಕಕ್ಕೆ ಬಂದರು. "ನಿಮ್ ಹುಡುಗಿ ಈಗ್ಲೂ ಅದನ್ನೇ ಓದ್ತಿದ್ದಾಳಾ?" ಎಂದು ಕೇಳಿದರು. ಗಿರಿ ನನ್ನ ಮುಖ ನೋಡಿದ. ಔಷಧಿಗೆ ಸಂಬಂಧಪಟ್ಟದ್ದು ಎಂದು ನಾನು ಯಾವಾಗಲೂ ಹೇಳುವ ಮಾತು ಬಾಯಿಗೆ ಬಂತು. ಹೇಳಲಿಲ್ಲ.

"ಅದನ್ನೇ" ಎಂದೆ. "ಜಿರಲೆ. ಈ ಜಾಗದಲ್ಲೇ ಒಂದು ಜಿರಲೆ ಇದೆ. ಇಲ್ಲೀವರ್ಗೂ ಅದಕ್ಕೆ ಹೆಸರಿರ್ಲಿಲ್ಲ. ನಮ್ಮ ನಯನಾ ಇಡ್ತಾಳೆ. ಬಣ್ಣ ನಾನೇ ನೋಡಿ ಹೇಳಿದ್ದು, ಇದು." ಕಾರ್ಡ್ ತೆಗೆದು ತೋರಿಸಿದೆ.

ಸಾಲಿನಲ್ಲಿದ್ದವರು ಬಗ್ಗಿ ನೋಡಿದರು. ಮುನಿವೆಂಕಟಯ್ಯನವರು ಕನ್ನಡಕ ಹಾಕಿಕೊಂಡು ಕಾರ್ಡನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಈ ಬಣ್ಣ ನಮ್ ಹಾಲ್‌ಗೂ ಚೆನ್ನಾಗಿರುತ್ತೆ ಕಣ್ರೀ. ಸ್ಟಾಕ್ ಇದೆಯಾ?" ಎಂದರು.

ಇದೆ ಎಂದೆ. ಈ ಸಲ ಅವರು ಉಪ್ಪಿಟ್ಟು ತಿಂದು ಹೋದರು. ಎರಡನೇ ಸಲ ಹಾಕಿಸಿಕೊಂಡರು.

ಕಣ ಉಳಿಯಲಿಲ್ಲ. ಅದನ್ನು ನಾನು ತಡೆಯಬಲ್ಲವನಲ್ಲ, ಕಟ್ಟಡದ ಕರಾರಿನಲ್ಲಿ ನನ್ನ ಸಹಿಯೂ ಇದೆ. ಗುಡಿ, ಹುಣಸೆ ಮರ, ಅದರ ಸುತ್ತಲಿನ ನೆಲ ಮಾತ್ರ ಉಳಿದಿದೆ. ಗಿರಿ ಅಲ್ಲಿ ಗ್ರಾನೈಟ್ ಹಾಸಿ ಸೀರಿಯಲ್ ಲೈಟ್ ಬಿಡಿಸಬೇಕೆಂದಿದ್ದ. ಅವ್ವ ಮಣ್ಣಿನ ಮೇಲೆ ಕಾಲು ನೀಡಿ ಕೂತಳು. "ಅಮ್ಮ ಮಣ್ಣಲ್ಲಿ ಉಟ್ಟಿದ್ದು. ಕಲ್ಲು ಆಕಿದ್ರೆ ಮಧ್ಯಾಹ್ನ ಅವಳ ಕಾಲು ಸುಡುತ್ತೆ. ಎಣ್ಣೆ ದೀಪ ಸಾಕು" ಎಂದಳು. ಅವನು ತಲೆ ಕೆರೆದುಕೊಂಡು ಒಪ್ಪಿದ. ಜೇಸಿಬಿ ಬರುವ ಮೊದಲು ನಾನು ಕಣದ ಬೇರೆ ಕಡೆಯ ಒಣಮಣ್ಣನ್ನು ಮಂಕರಿಯಲ್ಲಿ ತುಂಬಿ ತಂದು ಮರದ ಬುಡಕ್ಕೆ ಹಾಕಿದೆ. ಅದರಲ್ಲಿ ಹುಣಸೆ ಬೀಜದಂಥ ನಿನ್ನ ಜಿರಲೆಗಳು ಇದ್ದವೋ ಇಲ್ಲವೋ ನೋಡಲು ಹೊತ್ತಿರಲಿಲ್ಲ. ಗಿರಿಯೂ ಬಂದು ಒಂದಷ್ಟು ಮಂಕರಿ ಹೊತ್ತ.

ಹೆಸರಿಗೆ ಅವ್ವ ಒಪ್ಪಲಿಲ್ಲ. "ನನ್ ಎಸ್ರು ಬ್ಯಾಡ. ನಾಳೆ ಯಾರಾದ್ರೂ ಚಪ್ಲೀಲಿ ಒಡೆದ್ರೆ ಮುನಿಶಾಮಮ್ಮನ್ನ ಒಡೆದಂಗಾಗುತ್ತೆ. ಊರಿನ ಎಸ್ರು ಇಡು ಅನ್ನು. ಊರಿಗೆ ಚಪ್ಲಿ ಏಟು ಅಭ್ಯಾಸ ಆಗಿದೆ."

ಲಕೋಟೆಯ ಮೇಲೆ ಕೀಟ ವಿಭಾಗ ಎಂದು ಬರೆಯದಿದ್ದರೆ ನಿನ್ನ ಕಚೇರಿಯಲ್ಲಿ ಪತ್ರಗಳು ತಡವಾಗುತ್ತವೆ ಎಂದು ನಿನ್ನ ಅಮ್ಮನಿಂದ ಗೊತ್ತಾಯಿತು. ಈ ಸಲ ನಾನೇ ಬರೆದಿದ್ದೇನೆ.

ಅಪ್ಪ

* * *

ಕೋಲ್ಕತ್ತ
20 ಫೆಬ್ರವರಿ 2025

ಅಪ್ಪನಿಗೆ, ಅಜ್ಜಿಗೆ,

ಮೊನ್ನೆ ಫೋನಿನಲ್ಲಿ ನೀವು ಎಲ್ಲ ಕೇಳಿದಿರಿ, ಆದರೂ ಅಚ್ಚಾದ ಲೇಖನವನ್ನು ಕೈಯಲ್ಲಿ ಹಿಡಿದು ನೋಡಿ ಎಂದು ಕಳಿಸುತ್ತಿದ್ದೇನೆ. ಅದು ಇಂಗ್ಲಿಷಿನಲ್ಲಿದೆ. ಹೆಸರಿನ ಎರಡನೆಯ ಪದ ಅಟ್ಟೂರೆನ್ಸಿಸ್, ಅಂದರೆ ಅಟ್ಟೂರಿನದು. ಅಜ್ಜಿಗೆ ಓದಿ ಹೇಳಬೇಕಾದ ಭಾಗವನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಬಣ್ಣ: ಜೀವಂತ ಗಂಡು ಒಣ ರಾಗಿ ಹಿಟ್ಟಿನ ಬಣ್ಣದ್ದು, ರೆಕ್ಕೆಯ ಅಂಚು ಅದಕ್ಕಿಂತ ತಿಳಿ. ಎನ್. ನಾಗಭೂಷಣ ಅವರು ಹುಳುವಿನ ಪಕ್ಕ ಬಣ್ಣದ ಕಾರ್ಡ್ ಹಿಡಿದು ಗುರುತಿಸಿದಂತೆ. ಸಂಗ್ರಹದಲ್ಲಿರುವ ಗಂಡಿನ ಮೈಯ ಹಳದಿ ಅದರದಲ್ಲ, ಅರಿಶಿನದ್ದು. ಗುರಾಣಿಯ ನಡುವಿನ ಕೆಂಪು ಚುಕ್ಕೆಯೂ ಅದರದಲ್ಲ. ಅದು ಕುಂಕುಮ, ಸತ್ತ ಮೇಲೆ ಇಟ್ಟದ್ದು. ಉದ್ದೇಶಪೂರ್ವಕವಾಗಿ ಹಾಗೇ ಉಳಿಸಲಾಗಿದೆ."

ಅಚ್ಚಿಗೆ ಮೊದಲು ಇದನ್ನು ಪರಿಶೀಲಿಸಿದವರು, ಈ ಕೊನೆಯ ವಾಕ್ಯಗಳು ಬೇಕೇ ಎಂದು ಕೇಳಿದ್ದರು. ಮುಂದೆ ಯಾರಾದರೂ ಈ ಪೆಟ್ಟಿಗೆ ತೆರೆದು, ಅಟ್ಟೂರಿನ ಜಿರಲೆಗೆ ಹಣೆಯಲ್ಲಿ ಕೆಂಪು ಚುಕ್ಕೆ ಇರುತ್ತದೆ ಎಂದು ತಪ್ಪು ತಿಳಿಯಬಾರದು ಎಂದು ಉತ್ತರ ಕೊಟ್ಟೆ. ಒಪ್ಪಿದರು.

ಯುಗಾದಿಗೆ ಬರುತ್ತೇನೆ, ರಜೆ ಸಿಕ್ಕಿದೆ. ಸಂಜೆ ಗುಡಿಯ ಮೆಟ್ಟಿಲ ಮೇಲೆ ನನಗೂ ಸ್ವಲ್ಪ ಜಾಗ ಬಿಡಿ.

ಇವತ್ತು ಹುಳುವನ್ನು ಪೆಟ್ಟಿಗೆಯಲ್ಲಿ ಅದರ ಜಾಗಕ್ಕೆ ಇಟ್ಟು ಬಂದೆ. ಸೂಜಿಯ ಕೆಳಗೆ ಇಂಗ್ಲಿಷ್ ಚೀಟಿಯ ಜತೆ ಕನ್ನಡದ್ದೂ ಒಂದು ಇದೆ. ಚೀಟಿ ಬೆರಳಿನ ಉಗುರಿಗಿಂತ ಚಿಕ್ಕದು, ಬಹಳ ಸಣ್ಣ ಅಕ್ಷರದಲ್ಲಿ ಬರೆಯಬೇಕು. ಮಾಮೂಲಾಗಿ ಬರೆಯುವುದಕ್ಕಿಂತ ಕೊನೆಯಲ್ಲಿ ಒಂದು ಮಾತು ಹೆಚ್ಚು ಸೇರಿಸಿದ್ದೇನೆ. ಜಾಗ ಹಿಡಿಯಿತು.

ಅಟ್ಟೂರು, ಪಟಾಲಮ್ಮನ ಗುಡಿ. ಜುಲೈ 2024. ಮುನಿಶಾಮಮ್ಮ. ದೀಪಕ್ಕೆ ಬಂದದ್ದು. ತಾನಾಗಿ ಸತ್ತದ್ದು.

ನಿಮ್ಮ
ನಯನಾ